ಬಾಯಿ ಕಟ್ಟುವ ವಿದ್ಯೆ

ಕನ್ನಡದಲ್ಲಿ ಪಾತ್ರೆಗಳಿಗೂ ಬಾಯಿ ಉಂಟು. ಗಡಿಗೆಗೆ ಬಾಯಿ, ಭರಣಿಗೆ ಬಾಯಿ, ಚೀಲಕ್ಕೆ ಬಾಯಿ, ಬಾವಿಗೂ ಬಾಯಿ. ಹಾಗಾಗಿ ಅವನ್ನು ಭದ್ರವಾಗಿ ಮುಚ್ಚುವ ಕೆಲಸಕ್ಕೆ ನಮ್ಮವರು ‘ಬಾಯಿ ಕಟ್ಟುವುದು’ ಎಂದರು. ಮಾವಿನ ಮಿಡಿಗೆ ಉಪ್ಪು, ಖಾರ, ಎಣ್ಣೆ ಬಿದ್ದ ಮೇಲೆ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೂಲೆಗಿಟ್ಟರೆ ವರ್ಷದ ಚಿಂತೆ ಇಲ್ಲ. ಈಗ ಆ ಮಾತಿನ ಜಾಗಕ್ಕೆ ‘ಸೀಲ್’ ಬಂದಿದೆ. ಹಾಲಿನ ಪೊಟ್ಟಣ ಸೀಲ್, ನೀರಿನ ಬಾಟಲಿ ಸೀಲ್. ಈಚಿನ ವರ್ಷಗಳಲ್ಲಿ ಹೆಚ್ಚಿದ ಸೊಪ್ಪು, ಸುಲಿದ ದಾಳಿಂಬೆ, ತುಂಡು ಮಾಡಿದ ಅನಾನಸ್ ಕೂಡ ಪಾರದರ್ಶಕ ಹಾಳೆಯಡಿ ಸೀಲ್ ಆಗಿ ಅಂಗಡಿಯ ತಂಪು ಕಪಾಟಿನಲ್ಲಿ ಕೂತಿವೆ.

ತಾಜಾ ತರಕಾರಿಯನ್ನು ಹೀಗೆ ಮುಚ್ಚುವ ಹೊಸ ತಂತ್ರಗಳಿಗೆ ದೊಡ್ಡ ಮಾರುಕಟ್ಟೆ ಕಾದಿದೆ ಎಂದು ವ್ಯಾಪಾರದ ಪುಟಗಳು ಬರೆಯುತ್ತಿವೆ. ಇರಬಹುದು. ಆದರೆ ಆಹಾರದ ಬಾಯಿ ಕಟ್ಟುವ ವಿದ್ಯೆಗೆ ಎರಡು ಶತಮಾನಗಳ ಲಿಖಿತ ಚರಿತ್ರೆ ಇದೆ. ಅದನ್ನು ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಒಂದೇ: ಹೀಗೆ ಉಳಿಸಿದ ದಿನಗಳು ಯಾರಿಗೆ ಸೇರಿದವು?

ಚರಿತ್ರೆ ಸಾಮಾನ್ಯವಾಗಿ ನಿಕೊಲಾ ಅಪೆರ್ ಎಂಬ ಫ್ರೆಂಚ್ ಮಿಠಾಯಿಗಾರನಿಂದ ಶುರುವಾಗುತ್ತದೆ. 1749ರಲ್ಲಿ ಹುಟ್ಟಿದ ಈತ ಪ್ಯಾರಿಸಿನಲ್ಲಿ ಅಂಗಡಿ ಇಟ್ಟಿದ್ದವನು. ಅಗಲ ಬಾಯಿಯ ಗಾಜಿನ ಬಾಟಲಿಗೆ ಬಟಾಣಿ, ಹುರುಳಿಕಾಯಿ, ಮಾಂಸದ ಸಾರು ತುಂಬಿ, ಬಿರಡೆ ಬಡಿದು, ತಂತಿ ಬಿಗಿದು, ಗೋಣಿಬಟ್ಟೆಯಲ್ಲಿ ಸುತ್ತಿ ಕುದಿಯುವ ನೀರಿನಲ್ಲಿ ಇಡುವುದು ಅವನ ಕ್ರಮ. ಬಿರಡೆಯ ಸಂದಿಗೆ ಸುಣ್ಣ ಮತ್ತು ಗಿಣ್ಣು ಕಲಸಿದ ಲೇಪ ಹಚ್ಚುತ್ತಿದ್ದ. ಪ್ಯಾರಿಸಿನ ಹೊರಗೆ ಮಾಸ್ಸಿ ಎಂಬಲ್ಲಿ ಅವನು ಕಾರ್ಖಾನೆ ತೆರೆದ. ಕಾರ್ಖಾನೆಯ ಸುತ್ತಲೇ ಬಟಾಣಿ, ಹುರುಳಿಯ ಹೊಲ ಇತ್ತು. ಕಿತ್ತ ಕಾಯಿ ಬಾಡುವ ಮೊದಲೇ ಬಾಟಲಿಗೆ ಇಳಿಯಬೇಕು ಎಂಬುದು ಅವನಿಗೆ ಗೊತ್ತಿತ್ತು. ಈ ಹೊಲದ ವಿಷಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಷರತ್ತು ಒಂದೇ: ವಿಧಾನವನ್ನು ಬರೆದು ಲೋಕಕ್ಕೆ ತಿಳಿಸಬೇಕು. ಅಪೆರ್ ಪುಸ್ತಕ ಬರೆದ. ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಪೀಟರ್ ಡ್ಯುರಾಂಡ್ ಎಂಬ ವ್ಯಾಪಾರಿ ಇಂಥದ್ದೇ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಗಾಜಿನ ಜೊತೆಗೆ ತವರದ ಡಬ್ಬಿಯೂ ಸೇರಿತ್ತು. ಆ ಪೇಟೆಂಟು 1,000 ಪೌಂಡಿಗೆ ಕೈ ಬದಲಾಯಿಸಿ ಬ್ರಯಾನ್ ಡಾಂಕಿನ್ ಎಂಬ ಎಂಜಿನಿಯರ್ ಮತ್ತು ಅವನ ಪಾಲುದಾರರಿಗೆ ಸೇರಿತು. 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸೀಯಲ್ಲಿ ಡಬ್ಬಿ ಮಾಂಸದ ಕಾರ್ಖಾನೆ ಎದ್ದಿತ್ತು. ಅತ್ತ ಅಪೆರ್‌ನ ಮಾಸ್ಸಿ ಕಾರ್ಖಾನೆ ನೆಪೋಲಿಯನ್ ಸೋತ ಕಾಲದಲ್ಲಿ ಶತ್ರುಸೈನ್ಯದ ಕೈಗೆ ಸಿಕ್ಕಿ ಹಾಳಾಯಿತು. 1841ರಲ್ಲಿ ಅವನು ಬಡವನಾಗಿ ಸತ್ತ. ಸಾಮೂಹಿಕ ಗುಂಡಿಯಲ್ಲಿ ಹೂಳಲಾಯಿತು.

ಆ ಕಾಲದ ಡಬ್ಬಿಗಳ ಬಾಯಿಯನ್ನು ಬೆಸುಗೆ ಹಾಕಿ ಮುಚ್ಚುತ್ತಿದ್ದರು. ತೆರೆಯಲು ಉಳಿ, ಸುತ್ತಿಗೆ ಬೇಕಿತ್ತು. ಡಬ್ಬಿ ತೆರೆಯುವ ಸಲಕರಣೆ ಬಂದದ್ದು 1850ರ ದಶಕದಲ್ಲಿ, ಅಂದರೆ ನಾಲ್ಕು ದಶಕ ತಡವಾಗಿ. ಮುಚ್ಚುವವನ ಅಗತ್ಯ ಮೊದಲು, ಉಣ್ಣುವವನದು ಆಮೇಲೆ.

ಮುಚ್ಚಿದ ಬಾಯಿಯ ಇನ್ನೊಂದು ಗುಣವೂ ಬೇಗನೆ ಗೊತ್ತಾಯಿತು. ಅದು ಕೆಟ್ಟದ್ದನ್ನೂ ಮುಚ್ಚುತ್ತದೆ. ಬ್ರಿಟಿಷ್ ನೌಕಾಪಡೆಗೆ ಸ್ಟೀಫನ್ ಗೋಲ್ಡ್ನರ್ ಎಂಬ ಗುತ್ತಿಗೆದಾರ ಡಬ್ಬಿ ಮಾಂಸ ಒದಗಿಸುತ್ತಿದ್ದ. 1845ರಲ್ಲಿ ಉತ್ತರ ಧ್ರುವದತ್ತ ಹೊರಟು, 129 ಜನರಲ್ಲಿ ಒಬ್ಬರೂ ಹಿಂದಿರುಗದ ಫ್ರಾಂಕ್ಲಿನ್ ಯಾತ್ರೆಗೂ ಡಬ್ಬಿ ಕೊಟ್ಟವನು ಅವನೇ. ಅವರ ಸಾವಿಗೆ ಡಬ್ಬಿಯೇ ಕಾರಣ ಎಂಬ ಊಹೆಯನ್ನು ಇಂದಿನ ಸಂಶೋಧಕರು ಒಪ್ಪುವುದಿಲ್ಲ. ಆದರೆ 1852ರ ಜನವರಿಯಲ್ಲಿ ಪೋರ್ಟ್ಸ್‌ಮತ್ ಬಳಿಯ ಗೋಸ್ಪೋರ್ಟ್ ಉಗ್ರಾಣದಲ್ಲಿ ಗೋಲ್ಡ್ನರ್‌ನ 306 ಡಬ್ಬಿಗಳನ್ನು ತೆರೆದಾಗ ತಿನ್ನಲು ಯೋಗ್ಯವಾಗಿದ್ದದ್ದು 42 ಮಾತ್ರ. ಅಲ್ಲಿಯವರೆಗೆ ಮನುಷ್ಯ ಆಹಾರವನ್ನು ಮೂಸಿ, ಮುಟ್ಟಿ, ನೋಡಿ ನಂಬುತ್ತಿದ್ದ. ಡಬ್ಬಿ ಬಂದ ಮೇಲೆ ಮೂಗಿಗೆ ಕೆಲಸ ತಪ್ಪಿತು. ಚೀಟಿಯನ್ನು ನಂಬಬೇಕಾಯಿತು. ಇಂದು ನಾವು ಪೊಟ್ಟಣ ತಿರುಗಿಸಿ ದಿನಾಂಕ ಹುಡುಕುವ ಅಭ್ಯಾಸದ ಬೇರು ಇಲ್ಲಿದೆ.

ಬಾಯಿ ಕಟ್ಟಿ ಕುದಿಸಿದರೆ ಆಹಾರ ಏಕೆ ಕೆಡುವುದಿಲ್ಲ ಎಂಬುದು ಅಪೆರ್‌ಗೆ ಗೊತ್ತಿರಲಿಲ್ಲ. ಕಾಣದ ಜೀವಿಗಳು ಕೊಳೆಸುತ್ತವೆ, ಕಾವು ಅವನ್ನು ಕೊಲ್ಲುತ್ತದೆ, ಮುಚ್ಚಳ ಹೊಸವು ಬರದಂತೆ ತಡೆಯುತ್ತದೆ ಎಂದು ಲೂಯಿ ಪಾಶ್ಚರ್ ತೋರಿಸಿದ್ದು 1860ರ ದಶಕದಲ್ಲಿ. ವಿದ್ಯೆ ಮೊದಲು, ಶಾಸ್ತ್ರ ಆಮೇಲೆ. ನಮ್ಮ ಉಪ್ಪಿನಕಾಯಿಯ ಕತೆಯೂ ಅದೇ ತಾನೆ?

ಅಮೆರಿಕದಲ್ಲಿ 1858ರ ನವೆಂಬರಿನಲ್ಲಿ ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡು ಕೆಲಸಗಾರ ತಿರುಪು ಮುಚ್ಚಳದ ಗಾಜಿನ ಜಾಡಿಗೆ ಪೇಟೆಂಟ್ ಪಡೆದ. ಸಾಮಾನ್ಯ ಮನೆಯ ಹೆಂಗಸರು ತಮ್ಮ ಹಿತ್ತಲಿನ ಹಣ್ಣು ತರಕಾರಿಗಳನ್ನು ತಾವೇ ಕಾಪಿಡಲು ಸಾಧ್ಯವಾದದ್ದು ಈ ಜಾಡಿಯಿಂದ. ಪೇಟೆಂಟಿನ ಅವಧಿ ಮುಗಿದ ಮೇಲೆ ದೊಡ್ಡ ಗಾಜಿನ ಕಂಪನಿಗಳು ಅದೇ ಜಾಡಿಯನ್ನು ಮಾಡಿ ಮಾರಿ ಬೆಳೆದವು. ಮೇಸನ್ 1902ರಲ್ಲಿ ಬಡತನದಲ್ಲೇ ತೀರಿಕೊಂಡ. ಅಪೆರ್‌ನ ಕತೆ ಅಟ್ಲಾಂಟಿಕ್ ದಾಟಿ ಮತ್ತೊಮ್ಮೆ ನಡೆದಂತೆ ತೋರುತ್ತದೆ.

ಇದೇ ಕಾಲದ ಇನ್ನೊಂದು ಮುಚ್ಚಳ ನಮಗೆಲ್ಲ ಪರಿಚಿತ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಬಾಟಲಿಯ ಕತ್ತಿನಲ್ಲಿ ಗಾಜಿನ ಗೋಲಿಯನ್ನು ಸೇರಿಸಿದ. ಒಳಗಿನ ಅನಿಲವೇ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಬಾಯಿ ಮುಚ್ಚುತ್ತದೆ. ಅದೇ ನಮ್ಮ ಜಾತ್ರೆ, ಸಂತೆಗಳ ಗೋಲಿ ಸೋಡಾ. ಕುಡಿದ ಮೇಲೆ ಬಾಟಲಿ ಅಂಗಡಿಗೇ ವಾಪಸ್. ಮುಚ್ಚಳವಂತೂ ಬಾಟಲಿಯೊಳಗೇ ಇರುತ್ತದೆ, ಎಸೆಯಲು ಏನೂ ಇಲ್ಲ. ಇದಕ್ಕೆ ಎದುರಾಗಿ ಬಂದದ್ದು 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ತಗಡಿನ ಬಿರಡೆ, ಅಂಚಿಗೆ ಹಲ್ಲುಗಳಿರುವ ಇಂದಿನ ಸೋಡಾ ಮುಚ್ಚಳ. ಒಮ್ಮೆ ತೆಗೆದರೆ ಮುಗಿಯಿತು. ಗಿರಾಕಿ ಮತ್ತೆ ಮತ್ತೆ ಕೊಳ್ಳಬೇಕಾದ, ಬಳಸಿ ಎಸೆಯುವ ವಸ್ತುವನ್ನು ಯೋಚಿಸು ಎಂದು ಪೇಂಟರ್ ತನ್ನ ಕಂಪನಿಯ ಮಾರಾಟಗಾರನೊಬ್ಬನಿಗೆ ಸಲಹೆ ಕೊಟ್ಟನಂತೆ. ಆ ಮಾರಾಟಗಾರ ಕಿಂಗ್ ಕ್ಯಾಂಪ್ ಜಿಲೆಟ್. ಮುಂದೆ ಬಳಸಿ ಎಸೆಯುವ ಬ್ಲೇಡಿನಿಂದ ಲೋಕಪ್ರಸಿದ್ಧನಾದವನು. ಮುಚ್ಚಳದ ಲಾಭ ಮುಚ್ಚುವುದರಲ್ಲಿಲ್ಲ, ಎಸೆಯುವುದರಲ್ಲಿದೆ ಎಂಬ ಪಾಠವನ್ನು ಉದ್ಯಮ ಅಲ್ಲಿ ಕಲಿಯಿತು.

ಇಲ್ಲಿಯವರೆಗಿನ ಎಲ್ಲ ಮುಚ್ಚಳಗಳಿಗೂ ಒಂದೇ ಗುರಿ: ಗಾಳಿ, ಕ್ರಿಮಿಗಳನ್ನು ಹೊರಗಿಡುವುದು, ಅನಿಲವಿದ್ದರೆ ಅದನ್ನು ಒಳಗಿಡುವುದು. ಡಬ್ಬಿಯೊಳಗಿನ ಬಟಾಣಿ ಬೆಂದದ್ದು, ಅದಕ್ಕೆ ಜೀವವಿಲ್ಲ. ಆದರೆ ಈಗಷ್ಟೇ ಕಿತ್ತ ಹರಿವೆ ಸೊಪ್ಪು ಜೀವಂತ. ಗಿಡದಿಂದ ಬೇರೆಯಾದ ಮೇಲೂ ಅದು ಉಸಿರಾಡುತ್ತದೆ. ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಾ ತನ್ನೊಳಗಿನ ಸಕ್ಕರೆಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಬಾಡುವುದು ಎಂದರೆ ಬಹುಮಟ್ಟಿಗೆ ಇದೇ. ಅದರ ಬಾಯಿಯನ್ನು ಡಬ್ಬಿಯಂತೆ ಬಿಗಿದರೆ ಉಸಿರುಗಟ್ಟಿ, ಹುಳಿತು ನಾರುತ್ತದೆ. ಬಾಯಿ ತೆರೆದಿಟ್ಟರೆ ಸಂಜೆಗೆ ಬಾಡುತ್ತದೆ. ತಾಜಾ ಆಹಾರದ ಮಟ್ಟಿಗೆ ಬೇಕಾದದ್ದು ಅರೆ ಕಟ್ಟಿದ ಬಾಯಿ.

ಇದರ ಮೊದಲ ಸುಳಿವು ಫ್ರಾನ್ಸಿನ ಮೋಂಪೆಲಿಯೆಯ ರಸಾಯನಶಾಸ್ತ್ರಜ್ಞ ಜಾಕ್ ಎತಿಯೆನ್ ಬೆರಾರ್‌ಗೆ 1821ರ ಸುಮಾರಿಗೇ ಸಿಕ್ಕಿತ್ತು. ಆಮ್ಲಜನಕ ಇಲ್ಲದಲ್ಲಿ ಹಣ್ಣು ಮಾಗುವುದಿಲ್ಲ ಎಂದು ಅವನು ಕಂಡುಕೊಂಡ. ಅದು ಶತಮಾನದ ಕಾಲ ಪುಸ್ತಕದಲ್ಲೇ ಉಳಿಯಿತು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಸೇಬನ್ನು ಹಿಡಿದು ಕೂತರು. ಕೋಣೆಯ ಗಾಳಿಯಲ್ಲಿ ಆಮ್ಲಜನಕ ತಗ್ಗಿಸಿ, ಇಂಗಾಲದ ಡೈಆಕ್ಸೈಡ್ ಏರಿಸಿದರೆ ಸೇಬಿನ ಉಸಿರಾಟ ನಿಧಾನವಾಗುತ್ತದೆ, ಅದು ತಿಂಗಳುಗಟ್ಟಲೆ ಉಳಿಯುತ್ತದೆ ಎಂದು ತೋರಿಸಿದರು. 1929ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಬೆಳೆಗಾರನೊಬ್ಬ ಇಂಥ ಉಗ್ರಾಣವನ್ನು ವ್ಯಾಪಾರಕ್ಕೆಂದು ಕಟ್ಟಿದ. ಬೆಳೆಗಾರನೇ ಕಟ್ಟಿದ ಎಂಬುದು ಗಮನಿಸಬೇಕಾದ ಮಾತು.

ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಉತ್ತರ ಕರ್ನಾಟಕದ ಹಗೇವು. ಧಾರವಾಡ, ಹಾವೇರಿ ಕಡೆ ಜೋಳವನ್ನು ನೆಲದೊಳಗಿನ ಆಳ ಗುಂಡಿಯಲ್ಲಿ ತುಂಬಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ. ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ. ಹಾವೇರಿ ಸೀಮೆಯ ಹಿರಿಯರೊಬ್ಬರು ನನಗೆ ಹೇಳಿದ್ದರು, “ಬಾಯಿ ತೆಗದ ಕೂಡ್ಲೆ ಯಾರೂ ಒಳಗ ಇಳಿಯಂಗಿಲ್ಲ ನೋಡ್ರಿ, ಹಬೆ ಬಡೀತೈತಿ.” ಕೇಂಬ್ರಿಜ್‌ನವರು ಅಳತೆ ಮಾಡಿ ಬರೆದದ್ದನ್ನು ಹಗೇವಿನವರು ಪ್ರಾಣಭಯದಿಂದ ತಿಳಿದಿದ್ದರು. ಅದಕ್ಕಿಂತ ಮುಖ್ಯವಾದದ್ದು ಹಗೇವಿನ ಅರ್ಥಶಾಸ್ತ್ರ. ಜೋಳ ಬೆಳೆದವನು ಸುಗ್ಗಿಯಲ್ಲೇ ಮಾರಬೇಕಾಗಿರಲಿಲ್ಲ. ಬೆಲೆ ಬರುವವರೆಗೆ, ಇಲ್ಲವೇ ಬರಗಾಲ ಬರುವವರೆಗೆ ಕಾಯಬಹುದಿತ್ತು. ಬಾಯಿ ಕಟ್ಟುವ ಕೆಲಸ ಅವನ ಕೈಯಲ್ಲೇ ಇತ್ತು.

ಗುಂಡಿ, ಕೋಣೆಗಳ ಈ ವಿದ್ಯೆ ಕೈಯಲ್ಲಿ ಹಿಡಿಯುವ ಪೊಟ್ಟಣಕ್ಕೆ ಇಳಿಯಲು ಹೊಸ ಹಾಳೆಗಳು ಬೇಕಾದವು. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ 1908ರಲ್ಲಿ ಸೆಲ್ಲೋಫೇನ್ ಮಾಡಿದ. ಒಳಗಿನದನ್ನು ಮುಚ್ಚಿಯೂ ತೋರಿಸುವ ಹಾಳೆ. ಆದರೆ ಅದು ನೀರಾವಿಯನ್ನು ತಡೆಯುತ್ತಿರಲಿಲ್ಲ. ಅಮೆರಿಕದ ಡ್ಯುಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ಎರಡು ಸಾವಿರಕ್ಕೂ ಹೆಚ್ಚು ಲೇಪಗಳನ್ನು ಪರೀಕ್ಷಿಸಿ 1927ರಲ್ಲಿ ತೇವ ತಡೆಯುವ ಸೆಲ್ಲೋಫೇನ್ ರೂಪಿಸಿದ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ಹುಟ್ಟಿತು. ಅಂಟು ಬೇಡ, ದಾರ ಬೇಡ, ಬಿಸಿ ತಾಗಿಸಿದರೆ ತನಗೆ ತಾನೇ ಬೆಸೆಯುವ ಹಾಳೆ. ಇಂದಿನ ಬಹುತೇಕ ಸೀಲುಗಳ ಒಳಪದರ ಇದರದ್ದೇ ಬಳಗ.

ಪಾಲಿಥೀನ್ ಲೇಪಿಸಿದ ಕಾಗದದಿಂದ ಹಾಲಿನ ಪೊಟ್ಟಣ ಮಾಡಲು ಹೊರಟವನು ಸ್ವೀಡನ್ನಿನ ರುಬೆನ್ ರೌಸಿಂಗ್. ಅವನ ಸಹಾಯಕ ಎರಿಕ್ ವಾಲೆನ್‌ಬರ್ಗ್ 1944ರಲ್ಲಿ ನಾಲ್ಕು ಮುಖದ ಪೊಟ್ಟಣ ಯೋಚಿಸಿದ. ಕಾಗದದ ಕೊಳವೆಯನ್ನು ಅಡ್ಡಡ್ಡ ಒತ್ತುತ್ತಾ ಹೋದರೆ ಸಾಕು. ಆದರೆ ಪೊಟ್ಟಣದಲ್ಲಿ ಗಾಳಿ ಸೇರಬಾರದು. ಮಾಂಸದ ಸಾಸೇಜ್ ಕಟ್ಟುವಾಗ ತುಂಬುತ್ತಲೇ ತಿರುಚುತ್ತಾರಲ್ಲ, ಹಾಗೆ ಹಾಲು ತುಂಬುತ್ತಿರುವಾಗಲೇ ಹಾಲಿನ ನಡುವೆಯೇ ಒತ್ತಿ ಬೆಸೆಯಬಾರದೇಕೆ ಎಂದು ಕೇಳಿದವಳು ರೌಸಿಂಗ್‌ನ ಹೆಂಡತಿ ಎಲಿಸಬೆತ್ ಎಂದು ಹೇಳುತ್ತಾರೆ. ಅಡುಗೆಮನೆಯ ತಿಳಿವಳಿಕೆ ಎಂಜಿನಿಯರರ ಗಂಟು ಬಿಡಿಸಿತು. 1951ರಲ್ಲಿ ಲುಂಡ್ ನಗರದಲ್ಲಿ ಟೆಟ್ರಾ ಪಾಕ್ ಶುರುವಾಯಿತು. ಅದು ಡೇರಿಗಳಿಗೆ ಯಂತ್ರವನ್ನು ಬಾಡಿಗೆಗೆ ಕೊಟ್ಟಿತು, ಕಾಗದದ ಸುರುಳಿಯನ್ನು ಮಾರಿತು. ಪ್ರತಿ ಪೊಟ್ಟಣದ ಮೇಲೂ ಅದಕ್ಕೆ ಪಾಲು. ಅಪೆರ್, ಮೇಸನ್ ಕಾಣದ ಸಿರಿಯನ್ನು ರೌಸಿಂಗ್ ಕುಟುಂಬ ಕಂಡಿತು. ವ್ಯತ್ಯಾಸ ಜಾಣ್ಮೆಯದ್ದಲ್ಲ, ಯಂತ್ರದ ಒಡೆತನದ್ದು.

ಈ ಚರಿತ್ರೆಯಲ್ಲಿ ಮೈಸೂರಿಗೂ ಜಾಗವಿದೆ. ಚೆಲುವಾಂಬ ಅರಮನೆಯಲ್ಲಿ 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಆರಂಭವಾಯಿತು. 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಬಂತು. ಸೈನಿಕರಿಗಾಗಿ ಅಲ್ಲಿ ಬೆಳೆದ, ಪೊಟ್ಟಣದೊಳಗೇ ಒತ್ತಡದ ಬಿಸಿಯಲ್ಲಿ ಬೇಯಿಸುವ ತಂತ್ರವನ್ನು ಬೆಂಗಳೂರಿನ ಎಂಟಿಆರ್ ಪಡೆದುಕೊಂಡಿತು. ಬಿಸಿಬೇಳೆಬಾತ್ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿದು ಕಡಲಾಚೆಯ ಕನ್ನಡಿಗರ ಅಡುಗೆಮನೆ ಸೇರಿತು. ಆದರೆ ಇದೂ ಅಪೆರ್‌ನ ವಂಶದ್ದೇ: ಬೇಯಿಸಿ ಬಿಗಿಯುವುದು.

ಉಸಿರಾಡುವ ತಾಜಾ ತರಕಾರಿಗೆ ಹೊಸ ಕಾಲದ ಸೀಲ್ ಮಾಡುವ ಕೆಲಸವೇ ಬೇರೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇಕಡ 21 ಆಮ್ಲಜನಕ. ಪೊಟ್ಟಣದಲ್ಲಿ ಅದನ್ನು ಬಹುತೇಕ ತರಕಾರಿಗಳಿಗೆ ಶೇಕಡ 2ರಿಂದ 5ಕ್ಕೆ ಇಳಿಸುತ್ತಾರೆ. ಹಾಳೆಯಲ್ಲಿ ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಎಣಿಸಿ ಕೊರೆಯುತ್ತಾರೆ. ಸೊಪ್ಪು ಎಷ್ಟು ಉಸಿರಾಡುತ್ತದೋ ಅಷ್ಟೇ ಗಾಳಿ ಒಳಹೊರಗೆ ಆಡಬೇಕು. ಈರುಳ್ಳಿಯ ಉಸಿರು ನಿಧಾನ, ಅಣಬೆಯದು ಜೋರು. ಎರಡಕ್ಕೂ ಒಂದೇ ಹಾಳೆ ಒಗ್ಗದು. ಹೀಗೆ ಲೆಕ್ಕಹಾಕಿ ಮಾಡಿದ ತೂತಿಗೆ ಅರ್ಥ ಬರಬೇಕಾದರೆ ಅಂಚಿನ ಬೆಸುಗೆಯಲ್ಲಿ ಲೆಕ್ಕವಿಲ್ಲದ ಒಂದು ತೂತೂ ಇರಕೂಡದು. ಕಷ್ಟ ಇರುವುದು ಇಲ್ಲೇ. ತೊಳೆದ ಸೊಪ್ಪಿನ ಹನಿಯೊಂದು, ಎಲೆಯ ಚೂರೊಂದು ಅಂಚಿನಲ್ಲಿ ಸಿಕ್ಕಿಕೊಂಡರೆ ಬಿಸಿ ದವಡೆ ಒತ್ತಿದರೂ ಹಾಳೆ ಸರಿಯಾಗಿ ಅಂಟುವುದಿಲ್ಲ.

ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ಶ್ರವಣಾತೀತ ಬೆಸುಗೆ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ನಡುಗುವ ಲೋಹದ ತುಂಡು ಹಾಳೆಗಳನ್ನು ಒತ್ತುತ್ತದೆ. ಕಿವಿಗೆ ಕೇಳದ ಆ ನಡುಕದಿಂದ ಎರಡು ಹಾಳೆ ಸೇರುವ ಜಾಗದಲ್ಲಷ್ಟೇ ಬಿಸಿ ಹುಟ್ಟುತ್ತದೆ. ನಡುವಿನ ನೀರು, ಎಲೆಯ ಚೂರು ಪಕ್ಕಕ್ಕೆ ಸರಿಯುತ್ತವೆ. ಒಳಗಿನ ಸೊಪ್ಪಿಗೆ ಕಾವು ತಾಗುವುದಿಲ್ಲ. ಅಂಚು ಕಿರಿದಾಗಿದ್ದರೂ ಗಟ್ಟಿ, ಹಾಗಾಗಿ ಹಾಳೆಯೂ ಉಳಿತಾಯ. ಹಾಲಿನ ನಡುವೆಯೇ ಬೆಸೆಯಿರಿ ಎಂದ ಎಲಿಸಬೆತ್‌ಳ ಯೋಚನೆ ಇಲ್ಲಿ ಸೊಪ್ಪಿನವರೆಗೂ ಬಂದಂತಿದೆ.

ಆದರೆ ಈ ಪೊಟ್ಟಣಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು ತಂಪು. ಉಷ್ಣತೆ 10 ಡಿಗ್ರಿ ಏರಿದರೆ ತರಕಾರಿಯ ಉಸಿರಾಟ ಎರಡು ಮೂರು ಪಟ್ಟು ಜೋರಾಗುತ್ತದೆ. ತಂಪಿಗೆಂದು ಕೊರೆದ ತೂತು ಬಿಸಿಲಿಗೆ ಸಾಲದು. ಒಳಗಿನ ಆಮ್ಲಜನಕ ಮುಗಿದರೆ, ಗಾಳಿಯಿಲ್ಲದಲ್ಲಿ ಬೆಳೆದು ವಿಷ ಕಕ್ಕುವ ಬಾಟುಲಿನಮ್‌ನಂಥ ಸೂಕ್ಷ್ಮಜೀವಿಗೆ ಅವಕಾಶ. ಅದು ವಾಸನೆ ಕೊಟ್ಟು ಎಚ್ಚರಿಸಲೇಬೇಕೆಂದಿಲ್ಲ. ಗೋಲ್ಡ್ನರ್‌ನ ಡಬ್ಬಿಯ ಪ್ರಶ್ನೆ ಇನ್ನೂ ಹಳತಾಗಿಲ್ಲ. ಎರಡನೆಯದು ಕಸ. ಬೇರೆ ಬೇರೆ ಪ್ಲಾಸ್ಟಿಕ್ ಪದರಗಳನ್ನು ಬೆಸೆದ ಹಾಳೆಯನ್ನು ಬಿಡಿಸಿ ಮರುಬಳಕೆ ಮಾಡುವುದು ಬಲು ಕಷ್ಟ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿದಾಗಲೂ ತಯಾರಿಕಾ ಘಟಕದಲ್ಲೇ ಸೀಲ್ ಆಗಿ ಬರುವ ಪೊಟ್ಟಣಕ್ಕೆ ವಿನಾಯಿತಿ ಇತ್ತು. ಸಂತೆಯಲ್ಲಿ ಸೊಪ್ಪು ಮಾರುವವಳ ಕೈಚೀಲಕ್ಕೆ ಇಲ್ಲದ ರಿಯಾಯಿತಿ ಕಾರ್ಖಾನೆಯ ಸೀಲಿಗೆ ಸಿಕ್ಕಿತು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ತಾಜಾ ತರಕಾರಿಯ ಬೆಲೆ ನಿಜವಾಗಿ ನಿಂತಿರುವುದು ಸಮಯದ ಮೇಲೆ. ಕೋಲಾರದ ಟೊಮೇಟೊ ಬೆಳೆಗಾರ ಮಾರುಕಟ್ಟೆಗೆ ಬಂದ ಮೇಲೆ ಕಾಯಲಾರ. ಕಾದರೆ ಹಣ್ಣು ಕಾಯುವುದಿಲ್ಲ. 2023ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಿಲೋ ಟೊಮೇಟೊ 100 ರೂಪಾಯಿ ದಾಟಿತ್ತು. ಎರಡು ಮೂರು ತಿಂಗಳಲ್ಲಿ ಬೆಲೆ ನೆಲಕಚ್ಚಿತು. ಬೆಲೆ ಬಿದ್ದಾಗ ಹಣ್ಣನ್ನು ರಸ್ತೆ ಬದಿಗೆ ಸುರಿಯುವ ಚಿತ್ರಗಳು ನಮಗೆ ಹೊಸತಲ್ಲ. ಇಂಥ ಬೆಳೆಗಾರನಿಗೆ ನಾಲ್ಕು ದಿನ ಹೆಚ್ಚು ಸಿಕ್ಕರೂ ಅದು ಚೌಕಾಸಿಯ ಬಲ. ಆದರೆ ಸೀಲ್ ಬೀಳುವುದು ಎಲ್ಲಿ? ಹೆಚ್ಚಿನ ಕಡೆ ನಗರದ ಅಂಚಿನ ಉಗ್ರಾಣದಲ್ಲಿ, ರೈತನಿಂದ ಆ ದಿನದ ಬೆಲೆಗೆ ಕೊಂಡಾದ ಮೇಲೆ. ಉಳಿದ ನಾಲ್ಕು ದಿನ ಕೊಂಡವನದ್ದು. ವಾಣಿಜ್ಯ ಸಾಧ್ಯತೆ ಎಂದು ನಾವು ಓದುವುದು ಬಹುಮಟ್ಟಿಗೆ ಈ ನಾಲ್ಕು ದಿನಗಳ ಬೆಲೆಯನ್ನೇ.

ಇದು ತಂತ್ರಜ್ಞಾನದ ತಪ್ಪಲ್ಲ. ಸೊಪ್ಪಿನ ಪೊಟ್ಟಣ ಬೇಡ ಎಂಬುದೂ ನನ್ನ ಮಾತಲ್ಲ. ಕೊಳೆತು ಹೋಗುವ ತರಕಾರಿಯ ಹಿಂದೆ ನೀರು, ಗೊಬ್ಬರ, ಬೆವರು ಎಲ್ಲವೂ ಇರುತ್ತವೆ. ಅದನ್ನು ಉಳಿಸುವ ಯಾವ ವಿದ್ಯೆಯೂ ದೊಡ್ಡದೇ. ಚರಿತ್ರೆ ಹೇಳುವುದು ಇಷ್ಟು: ಉಳಿದ ದಿನಗಳ ಲಾಭ, ಕಂಡುಹಿಡಿದವನಿಗೂ ಬೆಳೆದವನಿಗೂ ತಾನಾಗಿ ಹೋಗುವುದಿಲ್ಲ. ಬಾಯಿ ಕಟ್ಟುವ ಯಂತ್ರ ಯಾರದೋ ಅವರಿಗೆ ಹೋಗುತ್ತದೆ. ಹಗೇವು ಜೋಳದವನದ್ದಾಗಿತ್ತು, ಕೆಂಟ್‌ನ ಉಗ್ರಾಣ ಸೇಬಿನವನದ್ದಾಗಿತ್ತು. ಲುಂಡ್‌ನ ಯಂತ್ರ ಹಾಲಿನವನದ್ದಾಗಿರಲಿಲ್ಲ.

ನಮ್ಮಲ್ಲಿ ರೈತ ಉತ್ಪಾದಕ ಕಂಪನಿಗಳಿವೆ, ಹಾಲಿನ ಸಹಕಾರ ಸಂಘಗಳ ಅನುಭವವಿದೆ, ಮೈಸೂರಿನಲ್ಲಿ ಸಂಶೋಧನಾಲಯಗಳಿವೆ. ಒಂದು ಹೋಬಳಿಗೆ ಒಂದು ತಂಪು ಕೋಣೆ, ಒಂದು ಸೀಲ್ ಯಂತ್ರ ಎಂದರೆ ಅಸಾಧ್ಯದ ಕನಸೇನಲ್ಲ. ಅದನ್ನು ಎಲ್ಲಿ ಇಡಬೇಕು ಎಂದು ಯಾರಾದರೂ ಕೇಳಿದರೆ ಮಾಸ್ಸಿಯ ಆ ಮಿಠಾಯಿಗಾರ 200 ವರ್ಷಗಳ ಹಿಂದೆಯೇ ಜಾಗ ತೋರಿಸಿದ್ದಾನೆ. ಅವನ ಕಾರ್ಖಾನೆಯ ಬಾಗಿಲು ತೆರೆಯುತ್ತಿದ್ದದ್ದು ಬಟಾಣಿ ಹೊಲಕ್ಕೆ.